ಶ್ರಾವಕರ ಮನೆಯಲ್ಲಿ ನಾಯಿಗೆ ಸಮತೋಲಿತ ಊಟ: ಅಳತೆ, ಅಡುಗೆ, ಎಚ್ಚರ



ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಕಾವಲಿಗೆ ನಾಯಿ ಇರುವುದು ಹಳೆಯ ರೂಢಿ. ಈಗ ಹೊಸ ಬಡಾವಣೆಗಳ ಮನೆಗಳಿಗೂ ಮಕ್ಕಳ ಆಸೆಯಿಂದ ನಾಯಿಮರಿ ಬರುತ್ತಿದೆ. ನಮ್ಮ ಸಮಾಜದ ಮನೆಗಳೂ ಇದಕ್ಕೆ ಹೊರತಲ್ಲ. ಮಾಂಸ, ಮೊಟ್ಟೆ ಹೊಸ್ತಿಲು ದಾಟದ ಮನೆಯಲ್ಲಿ ನಾಯಿಗೆ ಏನು ಹಾಕುತ್ತಾರೆ? ಬಹುಪಾಲು ಕಡೆ ಮೊಸರನ್ನ, ಹಾಲನ್ನ, ಉಳಿದ ಚಪಾತಿ, ಇಲ್ಲವೇ ರಾಗಿಮುದ್ದೆ. ನಾಯಿಯೂ ಬಾಲ ಅಲ್ಲಾಡಿಸುತ್ತಾ ತಿನ್ನುತ್ತದೆ. ಅದರ ಹೊಟ್ಟೆ ತುಂಬುತ್ತದೆ, ನಮ್ಮ ಮನಸ್ಸಿಗೂ ಸಮಾಧಾನ. ಆದರೆ ಹೊಟ್ಟೆ ತುಂಬುವುದು ಬೇರೆ, ಪೋಷಣೆ ಸಿಗುವುದು ಬೇರೆ.

ನಾಯಿಗೆ ಸಸ್ಯಾಹಾರ ಸಾಕೇ, ಎಷ್ಟು ಬೇಕು, ನಮ್ಮ ಆಚಾರಕ್ಕೆ ಭಂಗ ಬಾರದಂತೆ ಹೇಗೆ ಅಡುಗೆ ಮಾಡಬೇಕು, ಯಾವುದನ್ನು ಮನೆಯ ಅಡುಗೆ ಕೊಡಲಾರದು ಎಂಬ ವಿಷಯಗಳನ್ನು ಈ ಲೇಖನದಲ್ಲಿ ಒಂದೆಡೆ ಸೇರಿಸಲಾಗಿದೆ.

ಧರ್ಮದ ದೃಷ್ಟಿ

ನಾಯಿ ಪಂಚೇಂದ್ರಿಯ ಜೀವ. ಜೀವಂಧರ ಕುಮಾರನ ಕಥೆ ಬಲ್ಲವರಿಗೆ ಅದರ ಸ್ಥಾನವೂ ಗೊತ್ತು. ಪೆಟ್ಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ಆ ಜೀವ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. 1424ರಲ್ಲಿ ಭಾಸ್ಕರ ಕವಿ ಈ ಕಥೆಯನ್ನು ಕನ್ನಡ ಷಟ್ಪದಿಯಲ್ಲಿ ಬರೆದಿದ್ದಾನೆ.

ಅದಕ್ಕಿಂತ ಹತ್ತಿರದ ಮಾತು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಡೆಯುವುದು. ನಮ್ಮ ಆಶ್ರಯದಲ್ಲಿರುವ ಪ್ರಾಣಿಗೆ ಬೇಕಾದ ಆಹಾರ ಕೊಡದಿರುವುದು ಕೊನೆಯ ಅತಿಚಾರಕ್ಕೆ ಸೇರುತ್ತದೆ. ತಟ್ಟೆ ತುಂಬ ಅನ್ನ ಹಾಕಿಯೂ ಅದರಲ್ಲಿ ಪ್ರೋಟೀನು, ಸುಣ್ಣಾಂಶ, ಸತು ಇಲ್ಲದಿದ್ದರೆ ಆ ಜೀವ ನಿಧಾನವಾಗಿ ಸೊರಗುತ್ತದೆ. ನಾಯಿ ಬಾಯಿ ಬಿಟ್ಟು ಹೇಳುವುದಿಲ್ಲ. ಆದ್ದರಿಂದ ಲೆಕ್ಕ ಹಾಕುವ ಹೊಣೆ ಸಾಕಿದವರದ್ದೇ.

ಮಾಂಸ ತಿನ್ನುವ ಪ್ರಾಣಿಗಳನ್ನು ಶ್ರಾವಕರು ಸಾಕಲೇಬಾರದು ಎನ್ನುವ ಹಿರಿಯರೂ ಇದ್ದಾರೆ. ಆ ಮಾತಿಗೆ ತೂಕವಿದೆ. ಮರಿ ತರುವ ಮುಂಚೆಯೇ ಮನೆಯವರೆಲ್ಲ ಕೂತು ಯೋಚಿಸಬೇಕು. ತಂದ ಮೇಲೆ, ಅಥವಾ ಬೀದಿಯ ಮರಿಯೊಂದು ತಾನಾಗಿ ಬಂದು ಬಾಗಿಲಲ್ಲಿ ಮಲಗಿದ ಮೇಲೆ, ಚರ್ಚೆಗಿಂತ ಅದರ ಊಟ ಮುಖ್ಯ.

ನಾಯಿಗೆ ಸಸ್ಯಾಹಾರ ಸಾಧ್ಯವೇ?

ಸಾಧ್ಯ, ಆದರೆ ಲೆಕ್ಕ ಹಾಕಿ ಕೊಟ್ಟರೆ ಮಾತ್ರ.

ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿ ಪಿಷ್ಟ ಜೀರ್ಣಿಸಿಕೊಳ್ಳುವುದನ್ನು ಕಲಿತಿದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನ್ನ, ರಾಗಿ ನಾಯಿಗೆ ಒಗ್ಗುವುದು ಇದರಿಂದ. 2024ರಲ್ಲಿ ಪ್ಲೋಸ್ ಒನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 15 ನಾಯಿಗಳಿಗೆ ಒಂದು ವರ್ಷ ಬರೀ ಸಸ್ಯಮೂಲದ ಆಹಾರ ಕೊಟ್ಟು ಪರೀಕ್ಷಿಸಿದಾಗ ಅವು ಆರೋಗ್ಯವಾಗಿಯೇ ಇದ್ದವು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ನಾಯಿಗಳು ತಿಂದದ್ದು ವಿಟಮಿನ್, ಖನಿಜ, ಅಮೈನೋ ಆಮ್ಲಗಳನ್ನು ಅಳೆದು ಬೆರೆಸಿದ ಕಾರ್ಖಾನೆಯ ಆಹಾರ, ಮನೆಯ ಮೊಸರನ್ನವಲ್ಲ. ಮನೆಯಡುಗೆಯ ಸ್ಥಿತಿ ಏನು ಎಂಬುದನ್ನು 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆ ಪರೀಕ್ಷಿಸಿತು. ಪುಸ್ತಕ ಮತ್ತು ಅಂತರ್ಜಾಲದಲ್ಲಿ ಸಿಕ್ಕ, ನಾಯಿಗಳಿಗಾಗಿಯೇ ಬರೆದ 200 ಅಡುಗೆ ವಿಧಾನಗಳಲ್ಲಿ 95ರಷ್ಟು ಶೇಕಡಾ ಒಂದಲ್ಲ ಒಂದು ಅಗತ್ಯ ಪೋಷಕಾಂಶದಲ್ಲಿ ಕೊರತೆಯಿದ್ದವು. ಅವುಗಳಲ್ಲಿ ಮಾಂಸ ಹಾಕಿದವೂ ಇದ್ದವು. ಅಂದರೆ ಸಸ್ಯಾಹಾರವೋ ಮಾಂಸಾಹಾರವೋ ಎನ್ನುವುದಕ್ಕಿಂತ ಮುಂಚೆ, ಅಳತೆಯಿಲ್ಲದ ಮನೆಯಡುಗೆಯೇ ತೊಂದರೆ.

ಬೆಕ್ಕಿನ ವಿಷಯ ಬೇರೆ. ಬೆಕ್ಕು ಮಾಂಸವನ್ನೇ ನೆಚ್ಚಿದ ಪ್ರಾಣಿ. ಟಾರಿನ್, ಅರಾಕಿಡೋನಿಕ್ ಆಮ್ಲ, ಸಿದ್ಧ ರೂಪದ ವಿಟಮಿನ್ ಎ ಅದಕ್ಕೆ ಆಹಾರದಿಂದಲೇ ಸಿಗಬೇಕು. ಬೆಕ್ಕಿಗೆ ಬರೀ ಹಾಲನ್ನ ಹಾಕಿ ಸಾಕುತ್ತೇವೆಂದರೆ ಕಣ್ಣು, ಹೃದಯ ಕೆಡುತ್ತವೆ. ಮಾಂಸ ಕೊಡಲಾಗದ ಮನೆಗೆ ಬೆಕ್ಕು ತರದಿರುವುದೇ ಅದಕ್ಕೆ ತೋರಿಸುವ ದಯೆ. ಮುಂದಿನ ಯಾವ ಮಾತೂ ಬೆಕ್ಕಿಗೆ ಅನ್ವಯಿಸುವುದಿಲ್ಲ.

ಎಷ್ಟು ಶಕ್ತಿ ಬೇಕು?

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ, ಸಾಧಾರಣ ಓಡಾಟದ ವಯಸ್ಕ ನಾಯಿಗೆ ದಿನವೊಂದಕ್ಕೆ ಸುಮಾರಾಗಿ ಬೇಕಾಗುವ ಶಕ್ತಿ ಹೀಗಿದೆ:

- 5 ಕಿಲೋ ತೂಕದ ನಾಯಿಗೆ: 375 ಕಿಲೋ ಕ್ಯಾಲೊರಿ
- 10 ಕಿಲೋ ತೂಕದ ನಾಯಿಗೆ: 630 ಕಿಲೋ ಕ್ಯಾಲೊರಿ
- 20 ಕಿಲೋ ತೂಕದ ನಾಯಿಗೆ: 1,060 ಕಿಲೋ ಕ್ಯಾಲೊರಿ
- 30 ಕಿಲೋ ತೂಕದ ನಾಯಿಗೆ: 1,435 ಕಿಲೋ ಕ್ಯಾಲೊರಿ

ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟಾಗುವುದಿಲ್ಲ ಎಂಬುದನ್ನು ಗಮನಿಸಿ. ತೋಟದಲ್ಲಿ ದಿನವಿಡೀ ಓಡಾಡುವ ನಾಡನಾಯಿಗೆ ಇದಕ್ಕಿಂತ ಹೆಚ್ಚು ಬೇಕು. ಮನೆಯೊಳಗೆ ಮಲಗಿಯೇ ಇರುವ ಲ್ಯಾಬ್ರಡಾರಿಗೆ ಕಡಿಮೆ ಸಾಕು. ಪಕ್ಕೆಲುಬಿನ ಮೇಲೆ ಕೈಯಾಡಿಸಿದರೆ ಎಲುಬು ಸುಲಭವಾಗಿ ಕೈಗೆ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಇದೇ ಸರಿಯಾದ ಮೈಕಟ್ಟು. ಹದಿನೈದು ದಿನಕ್ಕೊಮ್ಮೆ ತೂಕ ಬರೆದಿಟ್ಟು ಊಟ ಏರಿಳಿಸಬೇಕು.

ಮೊಸರನ್ನದ ಲೆಕ್ಕ

ನಾಯಿ ಆಹಾರದ ಮಾನದಂಡಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಆಫ್ಕೋ ಸಂಸ್ಥೆಯದು. ಅದರಂತೆ ವಯಸ್ಕ ನಾಯಿಗೆ ಪ್ರತಿ 1,000 ಕಿಲೋ ಕ್ಯಾಲೊರಿ ಆಹಾರದಲ್ಲಿ ಕನಿಷ್ಠ 45 ಗ್ರಾಂ ಪ್ರೋಟೀನು, 1.25 ಗ್ರಾಂ ಕ್ಯಾಲ್ಸಿಯಂ ಇರಬೇಕು. 10 ಕಿಲೋ ನಾಯಿಗೆ ಇದು ದಿನಕ್ಕೆ 28 ಗ್ರಾಂ ಪ್ರೋಟೀನು, ಸುಮಾರು 790 ಮಿಲಿಗ್ರಾಂ ಕ್ಯಾಲ್ಸಿಯಂ ಆಗುತ್ತದೆ. ನಮ್ಮ ರೂಢಿಯ ಊಟಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡೋಣ.

ಮೊಸರನ್ನ: 125 ಗ್ರಾಂ ಅಕ್ಕಿಯ ಅನ್ನ, 300 ಗ್ರಾಂ ಮೊಸರು. ಶಕ್ತಿ ಸುಮಾರು 625 ಕಿಲೋ ಕ್ಯಾಲೊರಿ, ಸರಿಯಾಯಿತು. ಪ್ರೋಟೀನು ಸುಮಾರು 19 ಗ್ರಾಂ ಮಾತ್ರ. ಕ್ಯಾಲ್ಸಿಯಂ ಬೇಕಾದುದರಲ್ಲಿ ಹೆಚ್ಚುಕಡಿಮೆ ಅರ್ಧ.

ರಾಗಿಮುದ್ದೆ: 190 ಗ್ರಾಂ ಹಿಟ್ಟಿನದು. ಶಕ್ತಿ ಸುಮಾರು 610 ಕಿಲೋ ಕ್ಯಾಲೊರಿ. ಪ್ರೋಟೀನು 14 ಗ್ರಾಂ, ಅಂದರೆ ಬೇಕಾದುದರಲ್ಲಿ ಅರ್ಧ. ಕ್ಯಾಲ್ಸಿಯಂ 650 ಮಿಲಿಗ್ರಾಂ ಇದ್ದರೂ ರಾಗಿಯ ಫೈಟೇಟು ಅದರಲ್ಲೊಂದು ಪಾಲನ್ನು ಹಿಡಿದಿಡುವುದರಿಂದ ಅಷ್ಟೂ ಮೈಗೆ ಹತ್ತುವುದಿಲ್ಲ.

ಈ ಎರಡೂ ಊಟದಲ್ಲಿ ಸತು, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ, ಕೋಲಿನ್ ಕೂಡ ಕಡಿಮೆ. ರಾಗಿ ನಮ್ಮ ಜಿಲ್ಲೆಯ ಮುಖ್ಯ ಬೆಳೆ, ಒಳ್ಳೆಯ ಧಾನ್ಯ. ಅದನ್ನು ಬಿಡಬೇಕಾಗಿಲ್ಲ. ಅದೊಂದರ ಮೇಲೆಯೇ ನಾಯಿಯನ್ನು ಸಾಕಬಾರದು ಅಷ್ಟೆ. ಮುದ್ದೆ ತಿಂದೇ ಹತ್ತು ವರ್ಷ ಬದುಕಿದ ತೋಟದ ನಾಯಿಯ ಉದಾಹರಣೆ ಕೊಡುವವರಿದ್ದಾರೆ. ಆ ನಾಯಿ ತೋಟದಲ್ಲಿ ತಾನೇ ಬೇಟೆಯಾಡಿ ತಿಂದದ್ದನ್ನು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಗೇಟಿನೊಳಗೇ ಇರುವ ನಾಯಿಗೆ ನಾವು ಹಾಕಿದ್ದೇ ಊಟ.

10 ಕಿಲೋ ತೂಕದ ವಯಸ್ಕ ನಾಯಿಗೆ ಒಂದು ದಿನದ ಊಟ

ಎಲ್ಲ ಅಳತೆಯೂ ಬೇಯಿಸುವ ಮುಂಚಿನದು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಒಂದು ಹಿಡಿ, ಒಂದು ಲೋಟ ಎಂಬ ಅಂದಾಜು ಇಲ್ಲಿ ನಡೆಯುವುದಿಲ್ಲ.

ಬೆಳಗಿನ ಊಟ:
- ಅಕ್ಕಿ 40 ಗ್ರಾಂ
- ಸೋಯಾ ಉಂಡೆ (ಮೀಲ್ ಮೇಕರ್) ಒಣಗಿದ್ದು 30 ಗ್ರಾಂ
- ಸಿಹಿಗುಂಬಳ 50 ಗ್ರಾಂ
- ಸೂರ್ಯಕಾಂತಿ ಎಣ್ಣೆ 5 ಗ್ರಾಂ (ಒಂದು ಟೀ ಚಮಚ)

ಸಂಜೆಯ ಊಟ:
- ರಾಗಿಹಿಟ್ಟು 25 ಗ್ರಾಂ
- ಅಕ್ಕಿ 20 ಗ್ರಾಂ
- ಉಪ್ಪಿಲ್ಲದ ಪನೀರು 60 ಗ್ರಾಂ
- ಬೀನ್ಸ್, ಸೋರೆಕಾಯಿ ಅಥವಾ ಹೀರೇಕಾಯಿ 40 ಗ್ರಾಂ

ಎರಡೂ ಸೇರಿ ಸುಮಾರು 630 ಕಿಲೋ ಕ್ಯಾಲೊರಿ, 35 ಗ್ರಾಂ ಪ್ರೋಟೀನು. ಕನಿಷ್ಠ 28 ಗ್ರಾಂ ಸಾಕೆಂದಿದ್ದರೂ ಹೆಚ್ಚು ಇಟ್ಟದ್ದಕ್ಕೆ ಕಾರಣವಿದೆ. ಸಸ್ಯಮೂಲದ ಪ್ರೋಟೀನು ಪೂರ್ತಿ ಜೀರ್ಣವಾಗುವುದಿಲ್ಲ, ಬೇಳೆಕಾಳಿನಲ್ಲಿ ಮಿಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅಕ್ಕಿ, ರಾಗಿ, ಪನೀರು ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತವೆ.

5 ಕಿಲೋ ನಾಯಿಗೆ ಎಲ್ಲವನ್ನೂ 0.6ರಿಂದ, 20 ಕಿಲೋ ನಾಯಿಗೆ 1.7ರಿಂದ, 30 ಕಿಲೋ ನಾಯಿಗೆ 2.3ರಿಂದ ಗುಣಿಸಿಕೊಳ್ಳಿ.

ಮಾಡುವ ಬಗೆ

ಸೋಯಾ ಉಂಡೆಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ, ಚಿಕ್ಕದಾಗಿ ಹೆಚ್ಚಿ. ಅಕ್ಕಿ, ಕುಂಬಳದ ಜೊತೆ ಕುಕ್ಕರಿನಲ್ಲಿ ಅನ್ನ ಮೆತ್ತಗಾಗುವವರೆಗೆ ಬೇಯಿಸಿ. ಇಳಿಸಿದ ಮೇಲೆ ಎಣ್ಣೆ ಬೆರೆಸಿ.

ಸಂಜೆಗೆ ಅಕ್ಕಿ, ತರಕಾರಿ ಬೇಯಿಸಿ, ಅದಕ್ಕೆ ನೀರಿನಲ್ಲಿ ಕದಡಿದ ರಾಗಿಹಿಟ್ಟು ಹಾಕಿ ಗಂಟಿಲ್ಲದಂತೆ ಕೂಡಿಸಿ ಪೂರ್ತಿ ಬೇಯಿಸಿ. ಹಸಿ ಹಿಟ್ಟಿನ ವಾಸನೆ ಉಳಿದಿದ್ದರೆ ಹೊಟ್ಟೆ ಕೆಡುತ್ತದೆ. ಆರಿದ ಮೇಲೆ ಪನೀರು ಪುಡಿ ಮಾಡಿ ಬೆರೆಸಿ. ಪನೀರನ್ನು ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಹಾಲಿಗೆ ಸುಮಾರು 150ರಿಂದ 200 ಗ್ರಾಂ ಬರುತ್ತದೆ. ಕುದಿಸಿ, ನಿಂಬೆರಸದಲ್ಲಿ ಒಡೆಸಿ, ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿದರೆ ಹಾಲಿನ ಸಕ್ಕರೆಯ ಬಹುಪಾಲು ನೀರಿನಲ್ಲೇ ಹೋಗುತ್ತದೆ. ಹಾಲು ಕುಡಿದರೆ ಭೇದಿಯಾಗುವ ನಾಯಿಗೂ ಪನೀರು ಸಾಮಾನ್ಯವಾಗಿ ಒಗ್ಗುತ್ತದೆ.

ಒಗ್ಗರಣೆ, ಖಾರ, ಮಸಾಲೆ, ಇಂಗು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಉಪ್ಪು ಒಂದು ಚಿಟಿಕೆ ಸಾಕು. ಹೊಸ ಊಟಕ್ಕೆ ಒಮ್ಮೆಲೇ ಬದಲಿಸಬೇಡಿ. ಹಳೆಯ ಊಟದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ 7ರಿಂದ 10 ದಿನದಲ್ಲಿ ಪೂರ್ತಿ ಬದಲಿಸಿ.

ನಮ್ಮ ಆಚಾರಕ್ಕೆ ಹೊಂದಿಸಿಕೊಳ್ಳುವುದು

ದ್ವಿದಳ: ಬೇಳೆ ಅಥವಾ ಸೋಯಾ ಇರುವ ಊಟಕ್ಕೆ ಮೊಸರು ಬೆರೆಸುವುದು ನಮ್ಮ ಅಡುಗೆಮನೆಗೆ ಸಲ್ಲದು. ಅದಕ್ಕಾಗಿಯೇ ಮೇಲಿನ ಪಟ್ಟಿಯಲ್ಲಿ ಬೆಳಗ್ಗೆ ಸೋಯಾ, ಸಂಜೆ ಹಾಲಿನ ಪದಾರ್ಥ ಎಂದು ಬೇರೆ ಮಾಡಲಾಗಿದೆ. ಪನೀರು ಬಳಸದ ಮನೆಯವರು ಸಂಜೆಗೆ ಸುಮಾರು 350 ಗ್ರಾಂ ಮೊಸರು ಹಾಕಿದರೆ ಅಷ್ಟೇ ಪ್ರೋಟೀನು ಸಿಗುತ್ತದೆ.

ಸೋಯಾ ಬೇಡವೆನ್ನುವವರಿಗೆ: 30 ಗ್ರಾಂ ಸೋಯಾ ಬದಲು 60 ಗ್ರಾಂ ಹೆಸರುಬೇಳೆ ಹಾಕಿ, ಅಕ್ಕಿಯನ್ನು 10 ಗ್ರಾಂಗೆ ಇಳಿಸಿ. ಪ್ರೋಟೀನು ಸ್ವಲ್ಪ ಕಡಿಮೆಯಾಗುತ್ತದೆ, ತೊಂದರೆಯಿಲ್ಲ. ಬೇಳೆ ಪೂರ್ತಿ ಕರಗುವಷ್ಟು ಬೇಯಬೇಕು.

ಕಂದಮೂಲ: ನಾಯಿ ಊಟದ ಬಹುತೇಕ ಪಟ್ಟಿಗಳಲ್ಲಿ ಗೆಣಸು, ಕ್ಯಾರೆಟ್, ಆಲೂಗಡ್ಡೆ ಇರುತ್ತವೆ. ಅವು ಇಲ್ಲದಿದ್ದರೆ ನಷ್ಟವೇನಿಲ್ಲ. ನಾರಿನ ಅಂಶ, ಬೀಟಾ ಕ್ಯಾರೋಟಿನ್ ಎರಡೂ ಸಿಹಿಗುಂಬಳದಲ್ಲಿ ಇವೆ.

ಅಷ್ಟಮಿ, ಚತುರ್ದಶಿ: ಹಸಿರು ತರಕಾರಿ ತಾರದ ದಿನ ತರಕಾರಿ ಬಿಟ್ಟು ಉಳಿದದ್ದನ್ನು ಅಷ್ಟೇ ಅಳತೆಯಲ್ಲಿ ಕೊಡಿ. ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ.

ರಾತ್ರಿಭೋಜನ: ವಯಸ್ಕ ನಾಯಿಗೆ ದಿನಕ್ಕೆ ಎರಡು ಊಟ ಸಾಕು. ಬೆಳಗ್ಗೆ 8ಕ್ಕೆ, ಸಂಜೆ ಐದೂವರೆಗೆ ಕೊಟ್ಟರೆ ಸೂರ್ಯಾಸ್ತದೊಳಗೆ ಮುಗಿಯುತ್ತದೆ. ಆದರೆ ನೀರು ಹಗಲೂ ರಾತ್ರಿಯೂ ಇರಲೇಬೇಕು. ಗಾಳಿಸಿದ ನೀರನ್ನು ಬಟ್ಟಲಿನಲ್ಲಿ ತುಂಬಿಸಿಡಿ. ಬೇಸಿಗೆಯಲ್ಲಿ ಎರಡು ಬಟ್ಟಲಿಡಿ.

ಉಪವಾಸ: ಪರ್ಯೂಷಣ, ದಶಲಕ್ಷಣ ಪರ್ವದಲ್ಲಿ ಮನೆಯವರ ಜೊತೆ ನಾಯಿಗೂ ಉಪವಾಸ ಮಾಡಿಸುವವರಿದ್ದಾರೆ. ವ್ರತ ಎಂದರೆ ಸಂಕಲ್ಪ ಮಾಡಿ ಕೈಗೊಳ್ಳುವುದು. ಸಂಕಲ್ಪವಿಲ್ಲದ ಜೀವಕ್ಕೆ ಊಟ ತಪ್ಪಿಸಿದರೆ ಅದು ಉಪವಾಸವಲ್ಲ, ಅನ್ನಪಾನನಿರೋಧ. ಚಿಕ್ಕ ಮರಿಗಳಲ್ಲಂತೂ ಊಟ ತಪ್ಪಿದರೆ ರಕ್ತದ ಸಕ್ಕರೆ ಇಳಿದು ಪ್ರಾಣಾಪಾಯವಾಗಬಹುದು.

ತಂಗಳು: ಅಂದಂದಿನದು ಅಂದಂದೇ ಮಾಡಿ. ದಿನವೂ ತೂಗುವ ಕೆಲಸ ತಪ್ಪಿಸಲು ವಾರದ ಅಕ್ಕಿ, ಸೋಯಾವನ್ನು ಏಳು ಡಬ್ಬಿಗಳಲ್ಲಿ ಒಣದಾಗಿಯೇ ತೂಗಿಟ್ಟುಕೊಳ್ಳಬಹುದು. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನವೆಂಬ ಮರ್ಯಾದೆ ಪಾಲಿಸುವವರು ರಾಗಿಹಿಟ್ಟನ್ನು ಅದರಂತೆಯೇ ಇಟ್ಟುಕೊಳ್ಳಿ. ಬೂಷ್ಟು ಹಿಡಿದ ಧಾನ್ಯ ನಾಯಿಯ ಯಕೃತ್ತಿಗೆ ವಿಷ. ಈ ಮರ್ಯಾದೆ ಅದಕ್ಕೂ ರಕ್ಷೆ.

ಮನೆಯ ಅಡುಗೆ ಕೊಡಲಾರದ್ದು

ಮೇಲಿನ ಊಟವನ್ನು ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಅದೊಂದೇ ಸಾಲದು. ಈ ಮುಂದಿನವು ಪೂರಕವಾಗಿ ಬೇಕೇಬೇಕು. ಪ್ರಮಾಣವನ್ನು ಪಶುವೈದ್ಯರು ನಾಯಿಯನ್ನು ನೋಡಿ ನಿರ್ಧರಿಸಬೇಕು.

ಕ್ಯಾಲ್ಸಿಯಂ: ಮೇಲಿನ ಊಟದಲ್ಲಿ ಸುಮಾರು 450 ಮಿಲಿಗ್ರಾಂ ಇದೆ. ಉಳಿದದ್ದಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೇಕಾಗುತ್ತದೆ. ಅದರಲ್ಲಿ 400 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣ ಸಮಸಮದಿಂದ ಎರಡಕ್ಕೊಂದರ ಒಳಗಿರಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಪುಡಿಗಳು ಮೂಳೆಪುಡಿಯಿಂದ ಅಥವಾ ಮೊಟ್ಟೆಚಿಪ್ಪಿನಿಂದ ಮಾಡಿದವು. ಹೆಸರು ಓದಿ ಕೊಳ್ಳಿ.

ಅಯೋಡಿನ್: ಅಯೋಡಿನ್ ಉಪ್ಪು ಹಾಕಿದರೆ ಸಾಕು ಎಂದುಕೊಳ್ಳುತ್ತೇವೆ. ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ ಅಯೋಡಿನ್ ಎಂದು ಹಿಡಿದರೆ 10 ಕಿಲೋ ನಾಯಿಗೆ ದಿನಕ್ಕೆ ಹತ್ತು ಗ್ರಾಂ ಉಪ್ಪು ಬೇಕಾಗುತ್ತದೆ. ಅಷ್ಟು ಉಪ್ಪು ನಾಯಿಗೆ ಹಾನಿಕರ. ಸೈಂಧವ ಲವಣವನ್ನೇ ಬಳಸುವ ಮನೆಗಳಲ್ಲಿ ಅಯೋಡಿನ್ ಸಿಗುವುದು ಇನ್ನೂ ಕಡಿಮೆ. ಆದ್ದರಿಂದ ಖನಿಜ ಮಿಶ್ರಣದಿಂದಲೇ ಬರಬೇಕು.

ಸತು, ತಾಮ್ರ, ವಿಟಮಿನ್ ಇ, ಕೋಲಿನ್: ನಾಯಿಗೆಂದೇ ತಯಾರಿಸಿದ ಸಂಪೂರ್ಣ ವಿಟಮಿನ್ ಮತ್ತು ಖನಿಜ ಮಿಶ್ರಣ ಇವನ್ನು ತುಂಬಬೇಕು. ಮನುಷ್ಯರ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಸಾಹಸ ಬೇಡ.

ವಿಟಮಿನ್ ಡಿ: ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ಮಾಡಿಕೊಳ್ಳುವುದಿಲ್ಲ. ಆಹಾರದಲ್ಲೇ ಬೇಕು. ಮಾರುಕಟ್ಟೆಯ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನ ಜಾತಿಯ ಸಸ್ಯಮೂಲದಿಂದ ತೆಗೆದದ್ದೂ ಸಿಗುತ್ತದೆ. ಪ್ರಮಾಣ ಮೀರಿದರೆ ಮೂತ್ರಪಿಂಡ ಕೆಡುತ್ತದೆ, ಎಚ್ಚರ.

ವಿಟಮಿನ್ ಬಿ12: ಇದನ್ನು ಸೂಕ್ಷ್ಮಾಣುಗಳಿಂದ ತಯಾರಿಸುತ್ತಾರೆ. ಆದರೆ ಕ್ಯಾಪ್ಸೂಲಿನ ಹೊರಕವಚ ಜಿಲೆಟಿನ್ ಆಗಿರಬಹುದು. ದ್ರವ ಅಥವಾ ಪುಡಿ ರೂಪದ್ದು ಕೇಳಿ.

ಟಾರಿನ್ ಮತ್ತು ಮಿಥಿಯೋನಿನ್: ನಾಯಿ ತನ್ನ ದೇಹದಲ್ಲಿ ಟಾರಿನ್ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ಮಿಥಿಯೋನಿನ್, ಸಿಸ್ಟಿನ್ ಬೇಕು. ಬೇಳೆಕಾಳು ಹೆಚ್ಚಿರುವ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ನಂಟಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜುಲೈನಲ್ಲಿ ತನಿಖೆ ಆರಂಭಿಸಿತು. ಕಾರಣ ಹೀಗೆಯೇ ಎಂದು ಸಾಬೀತಾಗಿಲ್ಲ. ಆದರೂ ಸಸ್ಯಾಹಾರಿ ನಾಯಿಗೆ ಇವೆರಡನ್ನೂ ಸೇರಿಸುವುದು ಜಾಣತನ. ಎರಡೂ ರಾಸಾಯನಿಕವಾಗಿ ತಯಾರಾದವು ಸಿಗುತ್ತವೆ, ಪ್ರಾಣಿಮೂಲದ್ದೇ ಆಗಬೇಕಿಲ್ಲ.

ಒಮೆಗಾ 3: ಮೀನೆಣ್ಣೆಯ ಬದಲು ಪಾಚಿಯಿಂದ ತೆಗೆದ ಎಣ್ಣೆ ಇದೆ.

ಪೂರಕಗಳನ್ನು ಊಟ ಆರಿದ ಮೇಲೆ ಬೆರೆಸಬೇಕು. ಬೇಯಿಸಿದರೆ ಎಷ್ಟೋ ವಿಟಮಿನ್ನುಗಳು ನಾಶವಾಗುತ್ತವೆ.

ಕೊಡಲೇಬಾರದ್ದು

ಈರುಳ್ಳಿ, ಬೆಳ್ಳುಳ್ಳಿ: ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಮ್ಮ ಮನೆಗಳಲ್ಲಿ ಈ ಭಯ ಮೊದಲೇ ಇಲ್ಲ. ಹೋಟೆಲಿನಿಂದ ತಂದದ್ದನ್ನು, ನೆರೆಯವರು ಕೊಟ್ಟದ್ದನ್ನು ಹಾಕುವಾಗ ಮಾತ್ರ ನೋಡಿ.

ದ್ರಾಕ್ಷಿ, ಒಣದ್ರಾಕ್ಷಿ: ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಡೆಯವರು ಇದನ್ನು ಎರಡು ಸಲ ಓದಿ. ನಮ್ಮ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ, ತೋಟಗಳು ಹತ್ತಿರದಲ್ಲೇ ಇವೆ. ಆದರೆ ನಾಯಿಗೆ ದ್ರಾಕ್ಷಿ ಮೂತ್ರಪಿಂಡದ ವಿಷ. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಹೇಳಲಾಗದು. ಪಾಯಸದ, ಪ್ರಸಾದದ ಒಣದ್ರಾಕ್ಷಿಯೂ ಅಷ್ಟೇ ಅಪಾಯಕಾರಿ. ತೋಟದಲ್ಲಿ ಉದುರಿದ ಹಣ್ಣಿನ ಬಳಿ ನಾಯಿಯನ್ನು ಬಿಡಬೇಡಿ.

ಹುಣಸೆ: ದ್ರಾಕ್ಷಿಯಲ್ಲಿ ವಿಷವಾಗುವುದು ಟಾರ್ಟಾರಿಕ್ ಆಮ್ಲ ಎಂದು 2021ರಿಂದ ಪಶುವಿಷ ತಜ್ಞರು ಬಲವಾಗಿ ಶಂಕಿಸುತ್ತಿದ್ದಾರೆ. ಅದೇ ಆಮ್ಲ ಹುಣಸೆಯಲ್ಲಿ ಇನ್ನೂ ಹೆಚ್ಚಾಗಿದೆ. ಹಾಗಾಗಿ ಸಾರನ್ನ, ಹುಳಿಯನ್ನ, ಪುಳಿಯೋಗರೆ ನಾಯಿಗೆ ಬೇಡ. ಉಳಿದ ಸಾರನ್ನ ನಾಯಿಗೆ ಹಾಕುವ ರೂಢಿಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಇನ್ನುಳಿದವು: ಚಾಕೊಲೇಟು, ಕಾಫಿ, ಟೀ. ಸಕ್ಕರೆರಹಿತ ಮಿಠಾಯಿ, ಚೂಯಿಂಗ್ ಗಮ್ಮುಗಳಲ್ಲಿರುವ ಜೈಲಿಟಾಲ್. ಸಿಹಿತಿಂಡಿಗೆ ಹಾಕುವ ಜಾಯಿಕಾಯಿ. ಹುದುಗುತ್ತಿರುವ ಹಸಿ ಹಿಟ್ಟು. ಮಾವಿನ ಓಟೆ, ಏಕೆಂದರೆ ಅದು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ದೇವನಹಳ್ಳಿ ಚಕ್ಕೋತದ ಸಿಪ್ಪೆ, ಬೀಜ. ಕರಿದ ತಿಂಡಿ, ತುಪ್ಪ ಸುರಿದ ಸಿಹಿ ತಿಂದರೆ ಮೇದೋಜೀರಕದ ಉರಿಯೂತ ಬರಬಹುದು.

ಇವುಗಳಲ್ಲಿ ಯಾವುದನ್ನಾದರೂ ತಿಂದಿದ್ದರೆ ಲಕ್ಷಣ ಕಾಣಲಿ ಎಂದು ಕಾಯದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಏನು, ಎಷ್ಟು, ಯಾವಾಗ ತಿಂದಿತು ಎಂಬುದನ್ನು ಹೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಯಾರಿಗೆ ಈ ಊಟ ಸಲ್ಲದು?

ಮರಿಗಳಿಗೆ, ಗಬ್ಬದ ನಾಯಿಗೆ, ಹಾಲೂಡಿಸುವ ತಾಯಿಗೆ ಈ ಪಟ್ಟಿ ಸಾಲದು. ಬೆಳೆಯುವ ಮರಿಗೆ ಪ್ರತಿ 1,000 ಕಿಲೋ ಕ್ಯಾಲೊರಿಗೆ ಸುಮಾರು 56 ಗ್ರಾಂ ಪ್ರೋಟೀನು, 3 ಗ್ರಾಂ ಕ್ಯಾಲ್ಸಿಯಂ ಬೇಕು. ಅಂದರೆ ಕ್ಯಾಲ್ಸಿಯಂ ವಯಸ್ಕ ನಾಯಿಯ ಎರಡು ಪಟ್ಟಿಗಿಂತ ಹೆಚ್ಚು. ಹಾಲನ್ನದಲ್ಲಿ ಬೆಳೆದ ಮರಿಯ ಕಾಲು ಸೊಟ್ಟಗಾಗುವುದು, ನೆಗೆದಾಗ ಎಲುಬು ಮುರಿಯುವುದು ಇದರಿಂದಲೇ. ದೊಡ್ಡ ತಳಿಗಳಲ್ಲಿ ಕ್ಯಾಲ್ಸಿಯಂ ಹೆಚ್ಚಾದರೂ ಎಲುಬು ಕೆಡುತ್ತದೆ. ಹಾಗಾಗಿ ಮರಿಗಳಿಗೆ ವರ್ಷ ತುಂಬುವವರೆಗೆ, ದೊಡ್ಡ ತಳಿಗೆ ಒಂದೂವರೆ ವರ್ಷದವರೆಗೆ, ಬೆಳವಣಿಗೆಯ ಹಂತಕ್ಕೆಂದೇ ತಯಾರಿಸಿದ, ಸಂಪೂರ್ಣ ಮತ್ತು ಸಮತೋಲಿತ ಎಂದು ಚೀಲದ ಮೇಲೆ ಬರೆದಿರುವ ಆಹಾರವೇ ಸುರಕ್ಷಿತ. ಸಸ್ಯಾಹಾರಿ ಒಣ ಆಹಾರಗಳು ಮಾರುಕಟ್ಟೆಯಲ್ಲಿ ಇವೆ. ಆದರೆ ವಯಸ್ಕ ನಾಯಿಗೆ ಎಂದು ಬರೆದದ್ದನ್ನು ಮರಿಗೆ ಹಾಕಬೇಡಿ.

ಮೂತ್ರಪಿಂಡ, ಯಕೃತ್ತು, ಹೃದಯದ ಕಾಯಿಲೆ ಇರುವ ನಾಯಿಗೂ ವೈದ್ಯರು ಹೇಳಿದ ಆಹಾರವೇ ಆಗಬೇಕು.

ನಾಯಿ ಸೊರಗುತ್ತಿದೆ ಎಂದು ತಿಳಿಯುವುದು ಹೇಗೆ?

- ಕೂದಲು ಹೊಳಪು ಕಳೆದುಕೊಂಡು ಒರಟಾಗುವುದು, ಹೆಚ್ಚು ಉದುರುವುದು
- ಕಣ್ಣು, ಬಾಯಿಯ ಸುತ್ತ, ಅಂಗಾಲಿನಲ್ಲಿ ಹೊಪ್ಪಳೆ ಕಟ್ಟುವುದು (ಸತುವಿನ ಕೊರತೆಯಲ್ಲಿ ಹೀಗಾಗುತ್ತದೆ)
- ತೊಡೆ, ಬೆನ್ನಿನ ಮಾಂಸಖಂಡ ಕರಗುವುದು
- ಸ್ವಲ್ಪ ನಡೆದರೂ ಏದುಸಿರು, ಕೆಮ್ಮು, ತಲೆ ತಿರುಗಿ ಬೀಳುವುದು (ಹೃದಯದ ಸೂಚನೆ)
- ಪದೇಪದೇ ಮೂತ್ರಕ್ಕೆ ಕೂರುವುದು, ತಿಣುಕುವುದು, ರಕ್ತ ಬರುವುದು

ಕೊನೆಯದಕ್ಕೆ ವಿಶೇಷ ಗಮನ ಬೇಕು. ಸಸ್ಯಾಹಾರದಲ್ಲಿ ಮೂತ್ರ ಕ್ಷಾರವಾಗುವ ಪ್ರವೃತ್ತಿ ಇದೆ. ಅದರಿಂದ ಕಲ್ಲು ಕಟ್ಟಬಹುದು. ಗಂಡುನಾಯಿಗೆ ಮೂತ್ರ ಪೂರ್ತಿ ಕಟ್ಟಿದರೆ ಅದು ಗಂಟೆಗಳ ಲೆಕ್ಕದ ತುರ್ತು.

ಮನೆಯೂಟ ಆರಂಭಿಸುವ ಮುಂಚೆ ಒಮ್ಮೆ, ಬಳಿಕ ಆರು ತಿಂಗಳಿಗೊಮ್ಮೆ ತೂಕ, ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ನಮ್ಮ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹೆಚ್ಚಿನ ಪರೀಕ್ಷೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಲ್ಲಿ ಆರಂಭವಾದ ಈ ಕಾಲೇಜು ದೇವನಹಳ್ಳಿ ಕಡೆಯಿಂದ ಬಳ್ಳಾರಿ ರಸ್ತೆಯಲ್ಲಿ ಬರುವವರಿಗೆ ದಾರಿಯಲ್ಲೇ ಸಿಗುತ್ತದೆ. ವೈದ್ಯರ ಬಳಿ ಹೋಗುವಾಗ ಊಟದ ಅಳತೆಯನ್ನು ಬರೆದುಕೊಂಡು ಹೋಗಿ. ಸುಮ್ಮನೆ ಸಸ್ಯಾಹಾರ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. 40 ಗ್ರಾಂ ಅಕ್ಕಿ, 30 ಗ್ರಾಂ ಸೋಯಾ ಎಂದರೆ ಲೆಕ್ಕ ಹಾಕಿ ಸಲಹೆ ಕೊಡಬಲ್ಲರು.

ವೈದ್ಯರು ಮಾಂಸಾಹಾರವೇ ಬೇಕೆಂದರೆ?

ಇಂಥ ದಿನ ಅಪರೂಪಕ್ಕೆ ಬರುತ್ತದೆ. ಮೊದಲು ಕಾರಣ ಕೇಳಿ. ರೂಢಿಯಿಂದ ಹೇಳಿದ್ದೋ, ಪರೀಕ್ಷೆಯ ಫಲಿತಾಂಶ ನೋಡಿ ಹೇಳಿದ್ದೋ ತಿಳಿದುಕೊಳ್ಳಿ. ಪ್ರೋಟೀನು ಕಡಿಮೆಯೆಂದಾದರೆ ಪನೀರು, ಸೋಯಾ ಹೆಚ್ಚಿಸಿ, ಅಥವಾ ಸಮತೋಲಿತ ಸಸ್ಯಾಹಾರಿ ಒಣ ಆಹಾರಕ್ಕೆ ಬದಲಿಸಿ ಎರಡು ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಬಹಳಷ್ಟು ಸಂದರ್ಭಗಳಲ್ಲಿ ದಾರಿ ಇರುತ್ತದೆ. ದಾರಿಯೇ ಇಲ್ಲವೆಂದಾದರೆ ಮನೆಯವರು ಸೇರಿ, ಬೇಕಿದ್ದರೆ ತಾವು ನಂಬುವ ಮುನಿಗಳ, ಮಾತಾಜಿಯವರ ಮಾರ್ಗದರ್ಶನ ಪಡೆದು ತೀರ್ಮಾನಿಸಬೇಕು. ನಾಯಿ ಕಣ್ಣೆದುರೇ ಕ್ಷೀಣಿಸುತ್ತಿದ್ದರೂ ನೋಡದಂತೆ ಇರುವುದು ಮಾತ್ರ ಅಹಿಂಸೆಯ ದಾರಿಯಲ್ಲ.

ನೆನಪಿಡಲು

- ತೂಗಿ ಬೇಯಿಸಿ. ಮೊಸರನ್ನ, ಮುದ್ದೆ ಊಟದ ಭಾಗವಾಗಲಿ, ಅದೇ ಪೂರ್ತಿ ಊಟವಾಗದಿರಲಿ.
- ಪೂರಕಗಳಿಲ್ಲದೆ ಮನೆಯಡುಗೆ ಪೂರ್ಣವಲ್ಲ.
- ಬಿಸ್ಕತ್ತು, ಹಣ್ಣು ಇತ್ಯಾದಿ ತಿನಿಸು ದಿನದ ಶಕ್ತಿಯ ಹತ್ತನೇ ಒಂದು ಪಾಲು ಮೀರದಿರಲಿ.
- ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ, ಚಾಕೊಲೇಟು ಎಂದಿಗೂ ಬೇಡ.
- ಮರಿಗಳಿಗೆ ಮನೆಯಡುಗೆಯ ಪ್ರಯೋಗ ಬೇಡ.
- ಆರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸಬೇಡಿ.

ಅಡುಗೆಮನೆಯಲ್ಲಿ ನೀರು ಗಾಳಿಸಿ, ಕಾಳು ಆರಿಸಿ, ಹೊತ್ತು ನೋಡಿ ಅಡುಗೆ ಮಾಡುವ ಎಚ್ಚರ ನಮ್ಮ ಮನೆಗಳಿಗೆ ಹೊಸದಲ್ಲ. ಅದೇ ಎಚ್ಚರವನ್ನು ಬಾಗಿಲ ಬಳಿ ಬಟ್ಟಲಿಗಾಗಿ ಕಾದಿರುವ ಜೀವದ ಊಟಕ್ಕೂ ಕೊಟ್ಟರೆ ಅದರ ಆರೋಗ್ಯವೂ ಉಳಿಯುತ್ತದೆ, ನಮ್ಮ ವ್ರತವೂ ಉಳಿಯುತ್ತದೆ.